ಬಾಡಿಗೆ ಮನೆ, ಹಗಲು ಅತ್ತೆ ಒಬ್ಬರೇ: ಬೆಕ್ಕು ಸಾಕೋದಾ, ನಾಯಿ ಸಾಕೋದಾ?

ಅಡ್ಡರಸ್ತೆ

ಎಲ್ಲರಿಗೂ ನಮಸ್ಕಾರ. ಮನೆಗೊಂದು ಪ್ರಾಣಿ ತರಬೇಕು ಅಂತ ನಿರ್ಧಾರ ಆಗಿದೆ, ಯಾವುದು ಅನ್ನೋದು ಆಗಿಲ್ಲ. ನಮ್ಮ ಪರಿಸ್ಥಿತಿ ಹೇಳ್ತೀನಿ, ತಿಳಿದವರು ಹೇಳಿ.

ಮೈಸೂರು ಕುವೆಂಪುನಗರದಲ್ಲಿ ಮೊದಲ ಮಹಡಿಯ ಎರಡು ಬೆಡ್‌ರೂಮಿನ ಬಾಡಿಗೆ ಮನೆ. ರಸ್ತೆ ಕಡೆ ಒಂದು ಬಾಲ್ಕನಿ, ಹಿಂದೆ ಬಟ್ಟೆ ಒಗೆಯೋ ಜಾಗ. ನಾನು ದಿನಾ ಮಂಡ್ಯಕ್ಕೆ ರೈಲಲ್ಲಿ ಓಡಾಡ್ತೀನಿ, ಬೆಳಿಗ್ಗೆ 7:30ಕ್ಕೆ ಬಿಟ್ಟರೆ ಬರೋದು ರಾತ್ರಿ 7. ಯಜಮಾನರು 9ರಿಂದ 6:30. ಮಗಳಿಗೆ 9 ವರ್ಷ. ಹಗಲು ಅತ್ತೆ ಒಬ್ಬರೇ ಇರ್ತಾರೆ. ಅವರಿಗೆ 68, ಮಂಡಿ ನೋವಿದೆ, ಮೆಟ್ಟಿಲು ಹತ್ತಿ ಇಳಿಯೋದು ಕಷ್ಟ. ಮನೆ ಪೂರ್ತಿ ಸಸ್ಯಾಹಾರಿ, ಮೊಟ್ಟೆಯೂ ಒಳಗೆ ಬರಲ್ಲ. ತಿಂಗಳಿಗೆ ಎರಡು ಶನಿವಾರ ಬೆಳಿಗ್ಗೆ ಎಲ್ಲರೂ ಪಾಂಡವಪುರದ ಹತ್ತಿರ ಊರಿಗೆ ಹೋಗಿ ಭಾನುವಾರ ಸಂಜೆ ವಾಪಸ್. ಊರಮನೆ ಪಕ್ಕದಲ್ಲೇ ಕಬ್ಬು, ನಾಲೆ.

ಮಗಳಿಗೆ ಲ್ಯಾಬ್ರಡಾರ್ ಮರಿ ಬೇಕು. ಯಜಮಾನರು ಬೆಕ್ಕೇ ಸರಿ ಅಂತಾರೆ. ಮನೆ ಓನರ್ "ಗಲಾಟೆ, ವಾಸನೆ ಇಲ್ಲದಿದ್ದರೆ ಸಾಕಿ" ಅಂದಿದ್ದಾರೆ. ಯಾವುದು ಸರಿಹೋಗುತ್ತೆ?

---

ಹಿತ್ತಲಬಾಗಿಲು

ಯಾರಿಗೆ ಯಾವ ಪ್ರಾಣಿ ಇಷ್ಟ ಅನ್ನೋದನ್ನ ಒಂದು ಗಳಿಗೆ ಪಕ್ಕಕ್ಕಿಟ್ಟು ಗಡಿಯಾರ ನೋಡಿ. ಎರಡು ತಿಂಗಳ ನಾಯಿಮರಿ ಹಗಲಲ್ಲಿ ಎರಡು, ಹೆಚ್ಚೆಂದರೆ ಮೂರು ಗಂಟೆ ಮೂತ್ರ ತಡೆದುಕೊಳ್ಳುತ್ತೆ. ಎದ್ದ ತಕ್ಷಣ, ಉಂಡ ಮೇಲೆ, ಆಡಿದ ಮೇಲೆ, ಪ್ರತಿ ಸಲವೂ ಕೆಳಗೆ ಕರೆದುಕೊಂಡು ಹೋದರೆ ಮಾತ್ರ ಅದಕ್ಕೆ ಅಭ್ಯಾಸ ಕೂರೋದು. ಅಂದರೆ ಹಗಲಲ್ಲಿ ನಾಲ್ಕೈದು ಸಲ ಮೆಟ್ಟಿಲು, ಎರಡರಿಂದ ನಾಲ್ಕು ತಿಂಗಳು. ನಿಮ್ಮ ಮನೆಯಲ್ಲಿ ಆ ಹೊತ್ತಿಗೆ ಇರೋದು ಮಂಡಿ ನೋವಿನ ಅತ್ತೆ. ಈ ಕೆಲಸ ಅವರ ತಲೆ ಮೇಲೆ ಬೀಳುತ್ತೆ, ಇಲ್ಲವೇ ಮರಿ ಮನೆಯಲ್ಲೇ ಮಾಡಿಕೊಳ್ಳುತ್ತೆ. ಒಂದು ಸಲ ಮನೆಯ ಮೂಲೆ ಅದಕ್ಕೆ ರೂಢಿಯಾದರೆ ಬಿಡಿಸೋದು ಬಹಳ ಕಷ್ಟ.

ಅದೇ ಲ್ಯಾಬ್ರಡಾರ್ ಒಂದು ವರ್ಷಕ್ಕೆ 28ರಿಂದ 35 ಕೆ.ಜಿ. ತೂಗುತ್ತೆ. ಖುಷಿಗೆ ಎಗರಿದರೂ ವಯಸ್ಸಾದವರು ಬೀಳ್ತಾರೆ, ಸೊಂಟದ ಮೂಳೆ ಮುರಿಯೋದು ಹೀಗೇ. ದಿನಕ್ಕೆ ಎರಡು ಸಲ, ಒಂದೊಂದು ಸಲ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ನಡಿಗೆ ಬೇಕು. ಮಾರ್ಚಿಂದ ಮೇವರೆಗೆ ಬೆಳಿಗ್ಗೆ 7:30ರೊಳಗೆ ಮುಗಿಸಬೇಕು. ಡಾಂಬರು ಕಾದಿದೆಯಾ ಅಂತ ತಿಳಿಯೋಕೆ ಅಂಗೈ ಹಿಂಭಾಗವನ್ನ ರಸ್ತೆ ಮೇಲೆ ಏಳು ಸೆಕೆಂಡ್ ಇಡಿ. ನಿಮಗೆ ತಡೆಯೋಕೆ ಆಗದಿದ್ದರೆ ಅದರ ಪಾದ ಸುಡುತ್ತೆ. ನಡೆಸದೆ ಬಿಟ್ಟ ಲ್ಯಾಬ್ರಡಾರ್ ಸೋಫಾ ಕಿತ್ತು ಹಾಕುತ್ತೆ, ಬೊಗಳುತ್ತೆ, ಅಥವಾ ತಿಂದೂ ತಿಂದೂ ಉರುಟಾಗಿ ಕೀಲು ಕೆಡಿಸಿಕೊಳ್ಳುತ್ತೆ. ಹಾಗಾಗಿ ಲ್ಯಾಬ್ರಡಾರ್ ಮರಿ ಈ ಮನೆಗೆ ಬೇಡ. ಮಗಳಿಗೆ ಬೇಜಾರಾಗುತ್ತೆ, ಆದರೂ ಈಗಲೇ ಹೇಳಿ.

ಬೆಕ್ಕು ಹೊಂದುತ್ತೆ. ಅದು ದಿನದ 12ರಿಂದ 16 ಗಂಟೆ ಮಲಗೇ ಇರುತ್ತೆ, ಮಲಮೂತ್ರಕ್ಕೆ ಇಟ್ಟ ಟ್ರೇ ಸ್ವಚ್ಛವಾಗಿದ್ದರೆ ಹೇಳಿಕೊಡದೆಯೂ ಅದರಲ್ಲೇ ಹೋಗುತ್ತೆ, ಕೆಳಗೆ ಇಳಿಸೋ ಪ್ರಶ್ನೆಯೇ ಇಲ್ಲ. ಆದರೆ ನಿಮ್ಮ ಬರಹದಲ್ಲಿ ಎಲ್ಲಕ್ಕಿಂತ ಮುಖ್ಯವಾದ ವಾಕ್ಯ "ಮೊಟ್ಟೆಯೂ ಒಳಗೆ ಬರಲ್ಲ" ಅನ್ನೋದು. ಬೆಕ್ಕು ಮಾಂಸ ತಿಂದೇ ಬದುಕಬೇಕಾದ ಪ್ರಾಣಿ. ಟಾರಿನ್ ಅನ್ನೋ ಅಂಶವನ್ನ ಅದರ ದೇಹ ಬೇಕಾದಷ್ಟು ತಯಾರಿಸಿಕೊಳ್ಳಲ್ಲ, ಅದು ಸಿಗೋದು ಮಾಂಸ ಮತ್ತು ಮೀನಲ್ಲಿ. ಅದಿಲ್ಲದಿದ್ದರೆ ತಿಂಗಳುಗಳಲ್ಲಿ ಕಣ್ಣಿನ ರೆಟಿನಾ ಹಾಳಾಗುತ್ತೆ, ಹೃದಯ ಹಿಗ್ಗಿ ಸೋಲುತ್ತೆ. ಟಾರಿನ್ ಕೊರತೆಗೂ ಈ ಹೃದಯದ ಕಾಯಿಲೆಗೂ ಇರೋ ಸಂಬಂಧವನ್ನ 1987ರಲ್ಲೇ ಕ್ಯಾಲಿಫೋರ್ನಿಯಾದ ಸಂಶೋಧಕರು ತೋರಿಸಿದರು. ಆಮೇಲೇ ಬೆಕ್ಕಿನ ಆಹಾರದ ಕಂಪನಿಗಳು ಅದನ್ನ ಹೆಚ್ಚಿಸಿದ್ದು. ಹಾಲನ್ನ, ಮೊಸರನ್ನದ ಮೇಲೆ ಬೆಕ್ಕು ಸಾಕ್ತೀವಿ ಅನ್ನೋದು ನಿಧಾನಕ್ಕೆ ಕೊಲ್ಲೋದು. ಹಿಂದೆ ಮನೆಗಳಲ್ಲಿ ಬದುಕುತ್ತಿತ್ತಲ್ಲ ಅಂದರೆ, ಹೊರಗೆ ಇಲಿ, ಹಲ್ಲಿ ಹಿಡಿದು ತಿನ್ನುತ್ತಿತ್ತು. ನೀವು ಮನೆಯೊಳಗೇ ಇಟ್ಟು ಸಾಕೋದಾದರೆ ಆ ದಾರಿಯೂ ಇಲ್ಲ.

ಅಂಗಡಿಯ ಒಣ ಆಹಾರದಲ್ಲಿ ಕೋಳಿ ಅಥವಾ ಮೀನು ಇದ್ದೇ ಇರುತ್ತೆ, ವಾಸನೆಯೂ ಇರುತ್ತೆ. ದಿನಕ್ಕೆ 50ರಿಂದ 60 ಗ್ರಾಂ ಸಾಕು, ಗಾಳಿಯಾಡದ ಡಬ್ಬಿಯಲ್ಲಿ ಯುಟಿಲಿಟಿಯಲ್ಲಿ (ಹಿಂದಿನ ಬಟ್ಟೆ ಒಗೆಯೋ ಜಾಗ) ಇಡಬಹುದು, ಅಡುಗೆಮನೆಗೆ ತರಬೇಕಿಲ್ಲ. ಅಷ್ಟಕ್ಕೆ ಅತ್ತೆ ಒಪ್ಪುತ್ತಾರಾ ಅಂತ ಬೆಕ್ಕು ಬರೋಕೆ ಮೊದಲು ಕೂತು ಮಾತಾಡಿ. ಒಪ್ಪದಿದ್ದರೆ ಬೆಕ್ಕು ತರಲೇಬೇಡಿ.

---

ರಾಗಿಕಾಳು

ಹಿತ್ತಲಬಾಗಿಲು ಹೇಳಿದ್ದು ಮರಿಗೆ ಸರಿ. ಆದರೆ ನಾಯಿ ಅಂದರೆ ಲ್ಯಾಬ್ರಡಾರ್ ಮರಿ ಒಂದೇ ಅಲ್ವಲ್ಲ. ಎರಡು ಮೂರು ವರ್ಷದ ನಾಟಿ ನಾಯಿಯನ್ನ ಯಾಕೆ ನೋಡಬಾರದು? 15ರಿಂದ 20 ಕೆ.ಜಿ. ತೂಕ, ಚಿಕ್ಕ ಕೂದಲು, ನಮ್ಮ ಬಿಸಿಲಿಗೆ ಒಗ್ಗಿದ ಮೈ. ಸ್ವಭಾವ ಆಗಲೇ ರೂಪುಗೊಂಡಿರುತ್ತೆ, ಮಕ್ಕಳ ಹತ್ತಿರ ಹೇಗೆ, ಒಂಟಿಯಾಗಿ ಬಿಟ್ಟರೆ ಬೊಗಳುತ್ತಾ ಅನ್ನೋದನ್ನ ನೋಡಿಯೇ ತರಬಹುದು. ಮರಿಯಲ್ಲಿ ಅದು ಲಾಟರಿ. ಮೈಸೂರಲ್ಲಿ ಪೀಪಲ್ ಫಾರ್ ಅನಿಮಲ್ಸ್‌ನಂಥ ಸಂಸ್ಥೆ ಇದೆ, ದತ್ತು ಕೊಡೋರು ಬೇರೆಯವರೂ ಇದ್ದಾರೆ. ಎರಡು ವಾರ ಪ್ರಯೋಗಕ್ಕೆ ಮನೆಯಲ್ಲಿ ಇಟ್ಟುಕೊಳ್ಳೋಕೆ ಬಿಡ್ತಾರಾ ಕೇಳಿ.

ಇನ್ನು ಊಟ. ಸಸ್ಯಾಹಾರಿ ಮನೆಗೆ ಬೆಕ್ಕಿಗಿಂತ ನಾಯಿ ಸುಲಭ. ಹಸಿರು ಚುಕ್ಕೆಯ ನಾಯಿ ಆಹಾರ ಅಂಗಡಿಯಲ್ಲೇ ಸಿಗುತ್ತೆ. ಆದರೆ ಮುದ್ದೆ ಸಾರು ಕಲಸಿ ಹಾಕೋದು ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತೆ, ಬೆಂದರೂ ಅದರ ವಿಷ ಹೋಗಲ್ಲ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ಬೇಡ, ಮಗಳಿಗೆ ಇದನ್ನ ಬರೆದು ಫ್ರಿಜ್ ಮೇಲೆ ಅಂಟಿಸಿ. ಬರೀ ಮೊಸರನ್ನದಲ್ಲಿ ಬೆಳೆಸಿದ ಮರಿಗಳ ಕಾಲು ಸೊಟ್ಟ ಆಗೋದು ಕ್ಯಾಲ್ಸಿಯಂ, ರಂಜಕದ ಲೆಕ್ಕ ತಪ್ಪೋದರಿಂದ.

ಇಲ್ಲೂ ಒಂದು ತೊಡಕು ಇದೆ, ಮುಚ್ಚಿಡಲ್ಲ. ದೊಡ್ಡ ನಾಯಿ ಏಳೆಂಟು ಗಂಟೆ ತಡೆಯುತ್ತೆ. ಯಜಮಾನರು ಬೆಳಿಗ್ಗೆ 8:30ಕ್ಕೆ ಇಳಿಸಿಕೊಂಡು ಬಂದರೂ ಸಂಜೆ 6:30ಕ್ಕೆ 10 ಗಂಟೆ ಆಗುತ್ತೆ. ಮಧ್ಯಾಹ್ನ ಒಂದು ಸಲ ಕೆಳಗಿಳಿಸೋಕೆ ಜನ ಬೇಕೇ ಬೇಕು. ಪಕ್ಕದ ಬೀದಿಯ ಕಾಲೇಜು ಹುಡುಗನೋ, ದುಡ್ಡು ಕೊಟ್ಟು ನೇಮಿಸಿದವರೋ, ವಾರದಲ್ಲಿ ಐದು ದಿನ ತಪ್ಪದೆ ಬರೋರು. ಅವರ ಹೆಸರು, ಹೊತ್ತು ಗೊತ್ತುಮಾಡಿಕೊಂಡ ಮೇಲೆ ನಾಯಿ ತನ್ನಿ. "ಬಂದ ಮೇಲೆ ನೋಡೋಣ" ಅಂದವರ ನಾಯಿಗಳೇ ಆರು ತಿಂಗಳಿಗೆ ದತ್ತು ಜಾಹೀರಾತಲ್ಲಿ ಕಾಣಿಸೋದು.

ಮುಂದೆ ಅಪಾರ್ಟ್‌ಮೆಂಟಿಗೆ ಹೋದರೆ, ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಪ್ರಕಾರ ನಿವಾಸಿಗಳ ಸಂಘ ಸಾಕುಪ್ರಾಣಿಯನ್ನ ನಿಷೇಧಿಸೋ ಹಾಗಿಲ್ಲ. ಆದರೆ ಬಾಡಿಗೆ ಕರಾರು ನಿಮ್ಮ ಮತ್ತು ಓನರ್ ನಡುವಿನದು. ಅವರ ಒಪ್ಪಿಗೆಯನ್ನ ಕರಾರಲ್ಲೇ ಒಂದು ಸಾಲು ಬರೆಸಿಕೊಳ್ಳಿ.

---

ನಾಲೆಏರಿ

ನಾನು ಊರಿನ ಕಡೆ ಮಾತ್ರ ಹೇಳ್ತೀನಿ, ಅದನ್ನ ಯಾರೂ ಮುಟ್ಟಿಲ್ಲ.

ಕಬ್ಬು ಪಕ್ಕದಲ್ಲಿದೆ ಅಂದ್ರಿ. ಮೈಸೂರು, ಮಂಡ್ಯ ಎರಡೂ ಕಡೆ ಕಬ್ಬಿನ ಗದ್ದೆಯೊಳಗೆ ಚಿರತೆ ಮರಿ ಹಾಕುತ್ತೆ, ಕಟಾವಿನ ಹೊತ್ತಲ್ಲಿ ಹೊರಬೀಳುತ್ತೆ. 2022ರ ಕೊನೆಯಲ್ಲಿ ತಿ. ನರಸೀಪುರ ತಾಲ್ಲೂಕಲ್ಲಿ ಜನರ ಮೇಲೇ ಬಿದ್ದು ಜೀವ ಹೋಗಿದ್ದು ನೆನಪಿರಬಹುದು. ಚಿರತೆಗೆ ಸಲೀಸಾದ ಬೇಟೆ ನಾಯಿ. ಜಗುಲಿ ಕಂಬಕ್ಕೆ ಸರಪಳಿ ಹಾಕಿ ಕಟ್ಟಿದ ನಾಯಿ ಓಡೋಕೂ ಆಗಲ್ಲ. ಊರಿಗೆ ನಾಯಿ ತಂದರೆ ಕತ್ತಲಾಗೋ ಮುಂಚೆ ಮನೆಯೊಳಗೆ ಹಾಕಿ ಚಿಲಕ ಹಾಕಿ. ಹೊರಗಿನ ಗೂಡಾದರೆ ಮೇಲ್ಛಾವಣಿ ಬೇಕು, ಬೆಸುಗೆ ಹಾಕಿದ ದಪ್ಪ ಕಂಬಿ ಬೇಕು. ಕೋಳಿ ಜಾಲರಿ ಚಿರತೆ ಪಂಜಕ್ಕೆ ನಿಲ್ಲಲ್ಲ ಕಣ್ರೀ.

ಹಾವು ಇನ್ನೊಂದು. ನಾಲೆ ಬದಿಯಲ್ಲಿ ಕೊಳಕುಮಂಡಲ, ನಾಗರ ಎರಡೂ ಇರ್ತವೆ. ನಾಯಿ ಮೂತಿ ಹಾಕಿ ಮೂಸುತ್ತೆ, ಕಚ್ಚಿಸಿಕೊಳ್ಳೋದು ಹೆಚ್ಚಾಗಿ ಮೂತಿಗೆ ಇಲ್ಲ ಮುಂಗಾಲಿಗೆ. ಊದಿಕೊಂಡರೆ ನಡೆಸಬೇಡಿ, ಎತ್ತಿಕೊಂಡು ಗಾಡಿಯಲ್ಲಿ ಹಾಕಿ ಆಸ್ಪತ್ರೆಗೆ. ಕಟ್ಟು ಹಾಕೋದು, ಕೊಯ್ಯೋದು ಬೇಡ. ಹೊರಡೋ ಮುಂಚೆ ಫೋನ್ ಮಾಡಿ ವಿಷನಿರೋಧಕ ಇದೆಯಾ ಕೇಳಿ, ಇಲ್ಲದ ಕಡೆ ಹೋಗಿ ಅರ್ಧ ಗಂಟೆ ಕಳೀಬೇಡಿ.

ಗದ್ದೆಗೆ ಇಟ್ಟ ಇಲಿ ಪಾಷಾಣ ನಾಯಿ, ಬೆಕ್ಕು ಎರಡಕ್ಕೂ ಯಮ. ಅದರಲ್ಲಿ ಎರಡು ಬಗೆ. ಸತು ಫಾಸ್ಫೈಡ್ ಗಂಟೆಗಳಲ್ಲೇ ಕೊಲ್ಲುತ್ತೆ, ಅದಕ್ಕೆ ನೇರ ಪ್ರತಿವಿಷ ಇಲ್ಲ. ತಿಂದ ಅನುಮಾನ ಬಂದರೆ ಅನ್ನ, ಹಾಲು ಏನೂ ಕೊಡಬೇಡಿ, ಉಂಡರೆ ಹೊಟ್ಟೆಯ ಆಮ್ಲ ಹೆಚ್ಚಿ ವಿಷದ ಗಾಳಿ ಇನ್ನೂ ಏಳುತ್ತೆ. ರಕ್ತ ಹೆಪ್ಪುಗಟ್ಟದಂತೆ ಮಾಡೋ ಬಿಲ್ಲೆಗಳು ಇನ್ನೊಂದು ಬಗೆ. ತಿಂದ ಮೂರರಿಂದ ಐದು ದಿನದ ಮೇಲೆ ಒಸಡಲ್ಲಿ, ಮೂಗಲ್ಲಿ ರಕ್ತ ಬರುತ್ತೆ. ಬೇಗ ಗೊತ್ತಾದರೆ ವಿಟಮಿನ್ ಕೆ1 ವಾರಗಟ್ಟಲೆ ಕೊಟ್ಟು ಉಳಿಸಬಹುದು. ಎರಡರಲ್ಲೂ ಪೊಟ್ಟಣದ ಕವರ್ ಡಾಕ್ಟರ್ ಕೈಗೆ ಕೊಡಿ, ಅದನ್ನ ನೋಡಿದರೇ ಅವರಿಗೆ ದಾರಿ ಸಿಗೋದು.

ಬೆಕ್ಕನ್ನ ತಿಂಗಳಿಗೆ ಎರಡು ಸಲ ಊರಿಗೆ ತರೋದು ಮಾತ್ರ ಬೇಡ. ಬೆಕ್ಕು ಜಾಗಕ್ಕೆ ಅಂಟಿಕೊಳ್ಳೋ ಪ್ರಾಣಿ. ಹೊಸ ಜಾಗದಲ್ಲಿ ಬೆದರಿ ಕಬ್ಬಿನೊಳಗೆ ನುಗ್ಗಿದರೆ ಹುಡುಕೋದು ಆಗದ ಮಾತು.

---

ಅಡ್ಡರಸ್ತೆ

ತುಂಬಾ ಧನ್ಯವಾದ. ಇಲಿ ಪಾಷಾಣದ ವಿಷಯ ಊರಲ್ಲಿರೋ ಮೈದುನನಿಗೂ ಓದಿ ಹೇಳಿದೆ. ಮಧ್ಯಾಹ್ನ ನಾಯಿ ಇಳಿಸೋಕೆ ಖಂಡಿತ ಬರ್ತೀನಿ ಅನ್ನೋರು ಯಾರೂ ಸಿಗಲಿಲ್ಲ. ಅತ್ತೆ ಹತ್ತಿರ ಮಾತಾಡಿದ್ವಿ: ಒಣ ಆಹಾರ ಯುಟಿಲಿಟಿಯಲ್ಲಿದ್ದು, ತಾವು ಮುಟ್ಟೋ ಹಾಗಿಲ್ಲದಿದ್ದರೆ ಬೆಕ್ಕು ಬರಲಿ ಅಂದರು. ಹಾಗಾಗಿ ಬೆಕ್ಕಿನ ಕಡೆಗೇ ಮನಸ್ಸು. ಉಳಿದಿರೋ ಪ್ರಶ್ನೆ: ಮಗಳಿಗೆ ಚಳಿಗಾಲದಲ್ಲಿ ಸ್ವಲ್ಪ ಉಬ್ಬಸ ಬರುತ್ತೆ, ಬೆಕ್ಕಿನ ಕೂದಲಿಂದ ಹೆಚ್ಚಾಗುತ್ತಾ? ಬಾಲ್ಕನಿಗೆ ಏನು ಮಾಡೋದು? ಟ್ರೇ ವಾಸನೆ? ಊರಿಗೆ ಹೋದಾಗ?

---

ಸೂಜಿಮದ್ದು

ಉಬ್ಬಸದಿಂದ ಶುರುಮಾಡ್ತೀನಿ, ಅದೇ ಎಲ್ಲವನ್ನೂ ತಲೆಕೆಳಗು ಮಾಡಬಹುದಾದ ವಿಷಯ. ಅಲರ್ಜಿ ತರೋದು ಕೂದಲಲ್ಲ, ಬೆಕ್ಕಿನ ಜೊಲ್ಲು ಮತ್ತು ಚರ್ಮದಲ್ಲಿರೋ ಒಂದು ಪ್ರೋಟೀನ್. ಬೆಕ್ಕು ಮೈ ನೆಕ್ಕಿಕೊಂಡಾಗ ಕೂದಲಿಗೆ ಹತ್ತಿ, ಒಣಗಿ, ಗಾಳಿಯಲ್ಲಿ ತೇಲುತ್ತೆ. ಹಾಗಾಗಿ "ಕೂದಲು ಕಮ್ಮಿ ಇರೋ ತಳಿ ತನ್ನಿ" ಅನ್ನೋ ಸಲಹೆ ನಂಬಬೇಡಿ. ಬೆಕ್ಕನ್ನ ವಾಪಸ್ ಕೊಟ್ಟ ಮೇಲೂ ಆ ಪ್ರೋಟೀನ್ ಹಾಸಿಗೆ, ಪರದೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತೆ. ಮೊದಲು ಮಗಳ ಡಾಕ್ಟರನ್ನ ಕೇಳಿ. ಅವರು ಒಪ್ಪಿದರೆ ಬೆಕ್ಕಿರೋ ಪರಿಚಯದವರ ಮನೆಯಲ್ಲಿ ಬೇರೆ ಬೇರೆ ದಿನ ನಾಲ್ಕೈದು ಸಲ, ಒಂದೊಂದು ಸಲ ಒಂದೆರಡು ಗಂಟೆ ಕೂರಿಸಿ, ಇನ್‌ಹೇಲರ್ ಜೊತೆಯಲ್ಲಿರಲಿ. ಕೆಮ್ಮು, ಕಣ್ಣು ತುರಿಕೆ, ಎದೆ ಬಿಗಿತ ಕಂಡರೆ ಬೆಕ್ಕಿನ ಆಸೆ ಅಲ್ಲಿಗೇ ಬಿಡಿ. ಕಾಣದಿದ್ದರೂ ಅವಳು ಮಲಗೋ ಕೋಣೆಗೆ ಬೆಕ್ಕು ಬೇಡ.

ಲಸಿಕೆ: ಮರಿಯಾದರೆ 8, 12, 16 ವಾರಕ್ಕೆ ಮೂರು ರೋಗಕ್ಕೆ ಸೇರಿಸಿ ಕೊಡೋ ಬೆಕ್ಕಿನ ಲಸಿಕೆ, 12 ವಾರ ತುಂಬಿದ ಮೇಲೆ ರೇಬೀಸ್. ಹಿನ್ನೆಲೆ ಗೊತ್ತಿಲ್ಲದ ದೊಡ್ಡ ಬೆಕ್ಕಿಗೆ ಮೂರು ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್, ಜೊತೆಗೆ ರೇಬೀಸ್. ಆಮೇಲೆ ಬೂಸ್ಟರ್ ಡಾಕ್ಟರ್ ಬರೆದ ದಿನಕ್ಕೆ. ಜಂತುಹುಳದ ಔಷಧಿ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ನಂತರ ಮೂರು ತಿಂಗಳಿಗೊಮ್ಮೆ. ಐದಾರು ತಿಂಗಳಿಗೆ ಸಂತಾನಹರಣ ಮಾಡಿಸಿಬಿಡಿ. ಹೆಣ್ಣು ಬೆಕ್ಕು ನಾಲ್ಕು ತಿಂಗಳಿಗೇ ಬೆದೆಗೆ ಬರಬಹುದು, ರಾತ್ರಿಯಿಡೀ ಕೂಗುತ್ತೆ. ಗಂಡು ಗೋಡೆಗೆ ಮೂತ್ರ ಸಿಡಿಸೋಕೆ ಶುರುಮಾಡಿದರೆ ಓನರ್ ಹೇಳಿದ ಎರಡು ಷರತ್ತೂ ಮುರಿದ ಹಾಗೆ.

ನಮ್ಮ ಮನೆಗಳಲ್ಲಿ ಬೆಕ್ಕಿಗೆ ವಿಷವಾಗೋ ಸಾಮಾನ್ಯ ವಸ್ತುಗಳು ನಾಲ್ಕಿವೆ. ಒಂದು, ಪ್ಯಾರಾಸಿಟಮಾಲ್. ಅರ್ಧ ಮಾತ್ರೆ ಒಂದು ಬೆಕ್ಕನ್ನ ಕೊಲ್ಲಬಲ್ಲದು, ಅತ್ತೆಯ ಮಾತ್ರೆ ಡಬ್ಬಿ ಮುಚ್ಚಿರಲಿ. ಎರಡು, ನೆಲ ಒರೆಸೋ ಫಿನಾಯಿಲ್. ಬೆಕ್ಕಿನ ಪಿತ್ತಜನಕಾಂಗ ಅದನ್ನ ಅರಗಿಸಿ ಹೊರಹಾಕಲಾರದು, ಒದ್ದೆ ನೆಲದಲ್ಲಿ ನಡೆದು ಪಾದ ನೆಕ್ಕಿದರೂ ಒಳಗೆ ಹೋಗುತ್ತೆ. ಮನೆಗೆಲಸದವರಿಗೂ ಹೇಳಿ, ಸೋಪಿನ ನೀರು ಸಾಕು. ಮೂರು, ನಾಯಿಗೆ ಮಾರೋ ಪರ್ಮೆಥ್ರಿನ್ ಇರೋ ಉಣ್ಣೆ ಔಷಧಿ. ಅಂಗಡಿಯವರು "ಎರಡಕ್ಕೂ ಆಗುತ್ತೆ" ಅಂದರೂ ಹಚ್ಚಬೇಡಿ, ನಡುಕ, ಫಿಟ್ಸ್ ಬರುತ್ತೆ. ನಾಲ್ಕು, ಹೂಗುಚ್ಛದ ಲಿಲ್ಲಿ. ಅದರ ಪರಾಗ ನೆಕ್ಕಿದರೂ ಮೂತ್ರಪಿಂಡ ಹೋಗುತ್ತೆ.

ಬೆಳಿಗ್ಗೆವರೆಗೂ ಕಾಯಬಾರದ ಎರಡು ಲಕ್ಷಣ ನೆನಪಿಡಿ. ಗಂಡು ಬೆಕ್ಕು ಟ್ರೇಗೆ ಪದೇ ಪದೇ ಹೋಗಿ ತಿಣುಕಿದರೂ ಮೂತ್ರ ಬರುತ್ತಿಲ್ಲ ಅಂದರೆ ನಾಳ ಕಟ್ಟಿದೆ, ಒಂದೆರಡು ದಿನದಲ್ಲಿ ಜೀವ ಹೋಗುತ್ತೆ. ಮಲಬದ್ಧತೆ ಅಂದುಕೊಂಡು ಎಣ್ಣೆ ಕುಡಿಸಿ ಕೂರೋರೇ ಹೆಚ್ಚು. ಎರಡನೆಯದು, ಒಂದು ಇಡೀ ದಿನ ಏನೂ ತಿನ್ನದಿರೋದು. ಬೆಕ್ಕು ಉಪವಾಸ ಬಿದ್ದರೆ, ಅದರಲ್ಲೂ ದಪ್ಪ ಬೆಕ್ಕು, ಕೊಬ್ಬು ಪಿತ್ತಜನಕಾಂಗಕ್ಕೆ ತುಂಬಿಕೊಳ್ಳುತ್ತೆ. ಆಹಾರದ ಬ್ರ್ಯಾಂಡ್ ಬದಲಾಯಿಸೋವಾಗ ಹಳೆಯದಕ್ಕೆ ಹೊಸದನ್ನ ಬೆರೆಸುತ್ತಾ 7ರಿಂದ 10 ದಿನ ತೆಗೆದುಕೊಳ್ಳಿ ಅನ್ನೋದು ಇದಕ್ಕೇ.

ಪರಚಿದರೆ, ಕಚ್ಚಿದರೆ, ಸಾಕಿದ ಪ್ರಾಣಿ ಅಂತ ಬಿಡಬೇಡಿ. ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ತೋರಿಸಿ. ರೇಬೀಸ್ ಲಕ್ಷಣ ಕಂಡ ಮೇಲೆ ಉಳಿಯೋರು ಇಲ್ಲ ಅನ್ನೋಷ್ಟು ಕಮ್ಮಿ. ಅರಿಶಿನ, ಸುಣ್ಣ ಗಾಯಕ್ಕೆ ಬೇಡ.

---

ಹಿತ್ತಲಬಾಗಿಲು

ಬಾಲ್ಕನಿ: ಬೆಕ್ಕಿನ ತಲೆ ತೂರಿದ ಕಡೆ ಮೈಯೂ ತೂರುತ್ತೆ, ಗ್ರಿಲ್ ಇದೆ ಅಂತ ನೆಮ್ಮದಿ ಬೇಡ. ಪಾರಿವಾಳಕ್ಕೆ ಹಾಕೋ ತೆಳು ನೈಲಾನ್ ಬಲೆಯನ್ನ ಬೆಕ್ಕು ಕಚ್ಚಿ ಹರಿಯುತ್ತೆ. ಒಂದು ಇಂಚು ಕಣ್ಣಿನ ಬೆಸುಗೆ ಜಾಲರಿಯನ್ನ ಗ್ರಿಲ್ಲಿಗೇ ತಂತಿಯಿಂದ ಅರ್ಧ ಅಡಿಗೊಂದು ಕಡೆ ಬಿಗಿಯಿರಿ, ನೆಲದಿಂದ ಮೇಲಿನ ಸಜ್ಜಾವರೆಗೂ. ಗೋಡೆಗೆ ತೂತು ಬೀಳಲ್ಲ, ಮನೆ ಬಿಡೋವಾಗ ಬಿಚ್ಚಿಕೊಂಡು ಹೋಗಬಹುದು. ತಂತಿಯ ಚೂಪು ತುದಿ ಹೊರಮುಖವಾಗಿ ಮಡಚಿ. ಅಡುಗೆಮನೆ, ಬಚ್ಚಲಿನ ಗಾಳಿ ಕಿಟಕಿ ಮರೀಬೇಡಿ, ಬೆಕ್ಕು ಓಡಿಹೋಗೋದು ಅಲ್ಲಿಂದಲೇ.

ಟ್ರೇ: 55ರಿಂದ 60 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ, ಮುಚ್ಚಳ ಇಲ್ಲದ್ದು. ಮುಚ್ಚಳ ಇದ್ದರೆ ವಾಸನೆ ಒಳಗೇ ನಿಂತು ಬೆಕ್ಕು ಟ್ರೇ ಬಿಟ್ಟು ಬೇರೆ ಕಡೆ ಮಾಡಿಕೊಳ್ಳೋಕೆ ಶುರುಮಾಡುತ್ತೆ. ಉಂಡೆಕಟ್ಟೋ ಬೆಂಟೊನೈಟ್ ಲಿಟರ್ (ಟ್ರೇಗೆ ಹಾಕೋ ಜೇಡಿಮಣ್ಣಿನ ಹರಳು) 5ರಿಂದ 7 ಸೆಂ.ಮೀ. ಆಳ ಹಾಕಿ, ಅದಕ್ಕಿಂತ ಕಮ್ಮಿ ಆದರೆ ಮೂತ್ರ ತಳಕ್ಕೆ ಅಂಟಿ ನಾತ ಹೊಡೆಯುತ್ತೆ. ಬೆಳಿಗ್ಗೆ ಸಂಜೆ ಉಂಡೆ ಎತ್ತಿ, ಮೂರು ನಾಲ್ಕು ವಾರಕ್ಕೆ ಪೂರ್ತಿ ಬದಲಾಯಿಸಿ ಬಿಸಿನೀರಲ್ಲಿ ತೊಳೆಯಿರಿ. ತಿಂಗಳಿಗೆ ಸುಮಾರು 8ರಿಂದ 10 ಕೆ.ಜಿ. ಬೇಕಾಗುತ್ತೆ. ಕಟ್ಟಡದ ಮರಳು ಉಂಡೆಕಟ್ಟಲ್ಲ, ಎರಡು ದಿನಕ್ಕೇ ಪೂರ್ತಿ ಚೆಲ್ಲಬೇಕು. ಲಿಟರನ್ನ ಕಮೋಡಿಗೆ ಹಾಕಬೇಡಿ, ಪೈಪಲ್ಲಿ ಸಿಮೆಂಟಿನ ಹಾಗೆ ಕೂರುತ್ತೆ. ಯುಟಿಲಿಟಿಯಲ್ಲಿ ಇಡೋದಾದರೆ ವಾಷಿಂಗ್ ಮೆಷಿನ್ನಿಂದ ದೂರ ಇರಲಿ, ಅದು ತಿರುಗೋ ಸದ್ದಿಗೆ ಒಂದು ಸಲ ಹೆದರಿದರೆ ಆ ಟ್ರೇ ಕಡೆ ತಿರುಗಿ ನೋಡಲ್ಲ. ಊಟದ ಬಟ್ಟಲು ಎದುರು ಮೂಲೆಗಿರಲಿ, ನೀರು ಇನ್ನೂ ಬೇರೆ ಕಡೆ ಎರಡು ಬಟ್ಟಲು.

ಊರಿಗೆ ಹೋದಾಗ: ಬೆಕ್ಕು ಮನೆಯಲ್ಲೇ ಇರಲಿ. ಶನಿವಾರ ಸಂಜೆ, ಭಾನುವಾರ ಬೆಳಿಗ್ಗೆ ಒಬ್ಬರು ಬಂದು ದಿನಕ್ಕೆ 50 ಗ್ರಾಂ ಲೆಕ್ಕದಲ್ಲಿ ಊಟ, ನೀರು ಹಾಕಿ, ಟ್ರೇ ನೋಡಿ, ಬೆಕ್ಕನ್ನ ಕಣ್ಣಾರೆ ಕಂಡು ಹೋಗಬೇಕು. ಎರಡು ದಿನದ ಊಟ ಒಟ್ಟಿಗೆ ಸುರಿದು ಬೀಗ ಹಾಕಿದರೆ ಕಾಯಿಲೆ ಬಿದ್ದದ್ದು ಯಾರಿಗೂ ಗೊತ್ತಾಗಲ್ಲ.

ದಸರಾಕ್ಕೆ ಇನ್ನೊಂದು ಮಾತು. ಜಂಬೂಸವಾರಿಯ 21 ಕುಶಾಲತೋಪಿಗೆ ಮುಂಚೆ ವಾರಗಟ್ಟಲೆ ತಾಲೀಮು ನಡೆಯುತ್ತೆ, ಆಮೇಲೆ ದೀಪಾವಳಿ. ಆ ದಿನಗಳಲ್ಲಿ ಕಿಟಕಿ ಮುಚ್ಚಿ, ಬೀರು ಕೆಳಗೋ ಮಂಚದಡಿಯೋ ಒಂದು ರಟ್ಟಿನ ಡಬ್ಬ ಇಡಿ, ಅಡಗಿದ್ದನ್ನ ಎಳೆದು ಸಮಾಧಾನ ಮಾಡೋಕೆ ಹೋಗಬೇಡಿ.

---

ರಾಗಿಕಾಳು

ಬೆಕ್ಕೇ ಅಂತಾದರೆ ಒಂದು ಸೇರಿಸ್ತೀನಿ. ಒಂದು ಒಂದೂವರೆ ವರ್ಷದ, ಮನುಷ್ಯರ ತೊಡೆಗೆ ಬಂದು ಕೂರೋ, ಆಪರೇಷನ್ ಆಗಿರೋ ನಾಟಿ ಬೆಕ್ಕನ್ನೇ ಕೇಳಿ ತನ್ನಿ. ಮರಿಗೆ ಆಟ ಜಾಸ್ತಿ, ಕಾಲಿಗೆ ಅಡ್ಡ ಬರುತ್ತೆ, ಅತ್ತೆಯವರ ಮಂಡಿಗೆ ಅದು ಒಳ್ಳೆಯದಲ್ಲ. ಪರ್ಷಿಯನ್ ಬೇಡ, ದಿನಾ ಬಾಚಬೇಕು, ಕಣ್ಣು ಒರೆಸಬೇಕು.

ತರೋ ದಿನ ಶುಕ್ರವಾರ ಸಂಜೆ ಇರಲಿ, ಊರಿಗೆ ಹೋಗದ ವಾರ. ಮೊದಲ ಮೂರರಿಂದ ಏಳು ದಿನ ಒಂದೇ ಕೋಣೆಯಲ್ಲಿ ಟ್ರೇ, ಊಟ, ನೀರು, ಡಬ್ಬ ಇಟ್ಟು ಬಾಗಿಲು ಹಾಕಿ. ಮಗಳು ಅಲ್ಲೇ ನೆಲದ ಮೇಲೆ ಕೂತು ಹೋಂವರ್ಕ್ ಮಾಡಲಿ, ಎತ್ತಿಕೊಳ್ಳೋದು ಬೇಡ. ಅದಾಗೇ ಬಂದು ಮೂಸಲಿ. ಮೇಲಿನಿಂದ ತೆರೆಯೋ ಗಟ್ಟಿ ಪ್ಲಾಸ್ಟಿಕ್ ಬುಟ್ಟಿ ಕೊಂಡು ಆ ಕೋಣೆಯಲ್ಲೇ ಬಾಗಿಲು ತೆಗೆದು ಯಾವಾಗಲೂ ಇಟ್ಟಿರಿ. ಆಸ್ಪತ್ರೆಗೆ ಹೋಗೋ ದಿನ ಮಾತ್ರ ಅಟ್ಟದಿಂದ ಇಳಿಸಿದರೆ ಬುಟ್ಟಿ ಕಂಡ ಕೂಡಲೇ ಮಂಚದಡಿ ಸೇರುತ್ತೆ.

---

ಅಡ್ಡರಸ್ತೆ

ನಾಳೆ ಮಗಳ ಡಾಕ್ಟರ್ ಹತ್ತಿರ ಹೋಗ್ತೀವಿ. ಅವರು ಹೂಂ ಅಂದರೆ ಈ ಭಾನುವಾರ ಸರಸ್ವತಿಪುರಂನ ಪರಿಚಯದವರ ಮನೆ, ಅಲ್ಲಿ ಎರಡು ಬೆಕ್ಕಿವೆ. ಫಿನಾಯಿಲ್ ಬಾಟಲಿ ಇವತ್ತೇ ಮನೆಯಿಂದ ಹೊರಗೆ ಹೋಯಿತು.